ನಕ್ಕವರು ಯಾರು, ಯಾರ ಜತೆ

ಎಲ್ಲರಿಗೂ ನಮಸ್ಕಾರ.

ನಗುವಿನ ಬಗ್ಗೆ ಉಪನ್ಯಾಸ ಅಂದರೆ ನಮ್ಮ ಧಾರವಾಡದಲ್ಲಿ ಜನ ಸ್ವಲ್ಪ ಜಾಸ್ತಿನೇ ಬರುತ್ತಾರೆ. ನಗೆಹಬ್ಬ ಅಂದುಕೊಂಡು ಬಂದವರೂ ಇದ್ದೀರಿ ಅಂತ ಕಾಣುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಜೋಕ್ ಹೇಳಲು ಬರುವುದಿಲ್ಲ. ನಾನು ಮನಃಶಾಸ್ತ್ರ ಕಲಿಸುವ ಮಾಸ್ತರ. ನನ್ನ ಕ್ಲಾಸಿನಲ್ಲಿ ಹುಡುಗರು ನಗುತ್ತಾರೆ, ಇಲ್ಲ ಅನ್ನಲ್ಲ. ಆದರೆ ನಾನು ಬೋರ್ಡಿನ ಕಡೆ ತಿರುಗಿದಾಗ ನಗುತ್ತಾರೆ.

ನೋಡಿ, ಈಗ ನಕ್ಕಿರಿ. ಮುಂದಿನ ಸಾಲಿನವರು ಮೊದಲು, ಆಮೇಲೆ ಹಿಂದಿನವರು. ಬಾಗಿಲ ಹತ್ತಿರ ನಿಂತವರಿಗೆ ನಾನು ಏನಂದೆ ಅಂತ ಕೇಳಿಸಿರಲಿಕ್ಕಿಲ್ಲ, ಅವರೂ ನಕ್ಕರು. ಇದೇ ಮಾತನ್ನು ಮನೆಯಲ್ಲಿ ಒಬ್ಬರೇ ಕೂತು ಪೇಪರಿನಲ್ಲಿ ಓದಿದ್ದರೆ ನಿಮ್ಮ ತುಟಿ ಕೂಡ ಅಲ್ಲಾಡುತ್ತಿರಲಿಲ್ಲ. ಹಾಗಾದರೆ ನಿಮ್ಮನ್ನು ನಗಿಸಿದ್ದು ಏನು?

ಇವತ್ತು ನನಗೆ ಹೇಳಲಿಕ್ಕಿರುವುದು ಇದೊಂದೇ. ನಗು ಅಂದರೆ ಜೋಕಿಗೆ ಕೊಡುವ ಉತ್ತರ ಅಂತ ನಾವು ತಿಳಿದಿದ್ದೇವೆ. ನನಗೆ ಅದು ಪಕ್ಕದಲ್ಲಿರುವ ಮನುಷ್ಯನಿಗೆ ಮಾಡುವ ಸನ್ನೆಯ ಹಾಗೆ ಕಾಣುತ್ತದೆ. ‘ನಾನು ನಿನ್ನ ಕಡೆಯವನು’ ಅನ್ನುವ ಸನ್ನೆ. ಒಬ್ಬರನ್ನು ಹತ್ತಿರ ಕರೆಯುವಾಗ ಅದು ಕೆಲವು ಸಲ ಇನ್ನೊಬ್ಬರನ್ನು ಹೊರಗೂ ದಬ್ಬುತ್ತದೆ.

ದೊಡ್ಡ ದೊಡ್ಡ ತತ್ವಜ್ಞಾನಿಗಳು ಈ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಇಂಗ್ಲೆಂಡಿನ ಹಾಬ್ಸ್, ಬೇರೆಯವರಿಗಿಂತ ನಾನು ಮೇಲು ಅಂತ ದಿಢೀರನೆ ಅನ್ನಿಸಿದಾಗ ನಗು ಬರುತ್ತದೆ ಅಂದ. ಜರ್ಮನಿಯ ಕಾಂಟ್, ಏನೋ ಆಗುತ್ತದೆ ಅಂತ ಕಾದು ಕೂತಾಗ ಅದು ಠುಸ್ ಅಂದರೆ ನಗು ಬರುತ್ತದೆ ಅಂದ. ಫ್ರಾಯ್ಡ್ 1905ರಲ್ಲಿ ಜೋಕುಗಳ ಮೇಲೇ ಒಂದು ಪುಸ್ತಕ ಬರೆದ; ಒಳಗೆ ಅದುಮಿಟ್ಟದ್ದು ಹೊರಬರುವ ದಾರಿಯೇ ಜೋಕು ಅಂದ. ಮೂವರ ಮಾತಿನಲ್ಲೂ ಹುರುಳಿದೆ. ನಮ್ಮ ಶಿಶುನಾಳದ ಶರೀಫರು ಕೋಳಿಯ ಬಾಯಿಂದ ಕೋಡಗ ನುಂಗಿಸಿದರೆ ಮಕ್ಕಳು ಯಾಕೆ ಕಿಲಕಿಲ ನಗುತ್ತಾರೆ ಅಂತ ಕಾಂಟನನ್ನು ಕೇಳಬಹುದು. ಆದರೆ ಇವರೆಲ್ಲ ಕುರ್ಚಿಯಲ್ಲಿ ಕೂತು ಯೋಚನೆ ಮಾಡಿದವರು. ಬೀದಿಗೆ ಇಳಿದು, ಜನ ಯಾವಾಗ ನಗುತ್ತಾರೆ ಅಂತ ಬರೆದುಕೊಂಡವರು ಬಹಳ ತಡವಾಗಿ ಬಂದರು.

ಅಂಥವರಲ್ಲಿ ಒಬ್ಬರು ಅಮೆರಿಕದ ಮೇರಿಲ್ಯಾಂಡಿನ ರಾಬರ್ಟ್ ಪ್ರೊವೈನ್. ಅವರೂ ಮೊದಲು ಎಲ್ಲರ ಹಾಗೆ ಜನರನ್ನು ಲ್ಯಾಬಿಗೆ ಕರೆಸಿ ಕಾಮಿಡಿ ತೋರಿಸಿದರು. ಯಾರೂ ಸರಿಯಾಗಿ ನಗಲಿಲ್ಲ. ಆಮೇಲೆ ಅವರ ತಂಡ ಮಾಲು, ಫುಟ್‌ಪಾತು, ಕಾಲೇಜಿನ ಅಂಗಳ ಅಂತ ತಿರುಗಿ ಸುಮಾರು 1200 ನಗುಗಳನ್ನು ಬರೆದುಕೊಂಡಿತು. ಯಾರು ನಕ್ಕರು, ಅದಕ್ಕೆ ಮುಂಚೆ ಏನು ಮಾತು ಬಂತು, ಹೇಳಿದವರು ನಕ್ಕರೋ ಕೇಳಿದವರು ನಕ್ಕರೋ, ಎಲ್ಲ. ಲೆಕ್ಕ ಹಾಕಿದರೆ ಜೋಕು ಅನ್ನಬಹುದಾದ ಮಾತಿನ ಹಿಂದೆ ಬಂದ ನಗು 100ರಲ್ಲಿ 20 ಕೂಡ ಇರಲಿಲ್ಲ. ಉಳಿದದ್ದೆಲ್ಲ ತೀರ ಸಾದಾ ಮಾತಿನ ಹಿಂದೆ ಬಂದದ್ದು. ಕೇಳುವವರಿಗಿಂತ ಮಾತಾಡುವವರೇ ಶೇಕಡಾ 46ರಷ್ಟು ಜಾಸ್ತಿ ನಕ್ಕಿದ್ದರು. ವಿದ್ಯಾರ್ಥಿಗಳ ಕೈಯಲ್ಲಿ ದಿನಚರಿಯನ್ನೂ ಬರೆಸಿದ್ದರು. ಟಿವಿ, ಪುಸ್ತಕ ಬಿಟ್ಟು ನೋಡಿದರೆ, ಒಬ್ಬರೇ ಇದ್ದಾಗ ನಗುವುದಕ್ಕಿಂತ ಜತೆಗೆ ಜನ ಇದ್ದಾಗ ನಗುವುದು 30 ಪಟ್ಟು ಜಾಸ್ತಿ ಇತ್ತು.

ಇದನ್ನು ನಂಬಲು ಅಮೆರಿಕಕ್ಕೆ ಹೋಗಬೇಕಿಲ್ಲ. ಸಂಜೆ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ. ವಿದ್ಯಾನಗರದಲ್ಲಿ ಕಾಲೇಜು ಹುಡುಗರ ಗುಂಪು ಒಳಗೆ ಬರುತ್ತದೆ. ಸುಮ್ನೆ ಪಕ್ಕದಲ್ಲಿ ನಿಂತು, ನಗು ಬಂದ ಕೂಡಲೇ ಅದರ ಹಿಂದಿನ ಮಾತು ಬರೆದುಕೊಳ್ಳಿ. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೋಮ್‌ವರ್ಕ್ ಕೊಡುತ್ತೇನೆ. ಅವರು ಬರೆದು ತರುವುದು ಹೀಗಿರುತ್ತದೆ: ‘ಏ, ಇವ ಬಂದ ನೋಡ.’ ನಗು. ‘ನಾಳೆ ಸರ್ ಬರ್ತಾರಂತ.’ ನಗು. ‘ರೊಕ್ಕ ನೀನ ಕೊಡಲೇ.’ ಎಲ್ಲರೂ ನಗು. ‘ಉಣಕಲ್ ಬಂತು, ನಾ ಇಳಿತೇನಿ.’ ದೊಡ್ಡ ನಗು. ಈ ಪಟ್ಟಿಯನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದರೆ ಬರೆದ ಹುಡುಗನೇ ನಾಚಿಕೊಳ್ಳುತ್ತಾನೆ, ಇದರಲ್ಲಿ ನಗುವಂಥದ್ದು ಏನಿತ್ತು ಅಂತ. ಏನೂ ಇರಲಿಲ್ಲ. ಅದೇ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕಾಮಿಡಿ ರೀಲ್ಸ್ ನೋಡುತ್ತ ಕೂತವನ ಮುಖ ನೋಡಿ. ಬೆರಳು ಮಾತ್ರ ಓಡುತ್ತಿರುತ್ತದೆ. ಜೋಕೆಲ್ಲ ಅವನ ಹತ್ತಿರ, ನಗುವೆಲ್ಲ ಈ ಕಡೆ.

ಇನ್ನೊಂದು ಚೂರು ಗಮನಿಸಿ. ನಗು ಮಾತಿನ ನಡುವೆ ಬಾಯಿ ಹಾಕುವುದಿಲ್ಲ. ‘ಚಾ ಕುಡಿಯೂಣು ಬಾರಲೇ’ ಅಂತ ಮುಗಿಸಿ ಆಮೇಲೆ ನಗುತ್ತಾರೆ. ‘ಚಾ’ ಅಂದು, ನಕ್ಕು, ಆಮೇಲೆ ‘ಕುಡಿಯೂಣು’ ಅನ್ನುವವರನ್ನು ನಾನಂತೂ ಕಂಡಿಲ್ಲ. ಸನ್ನೆ ಭಾಷೆಯಲ್ಲಿ ಮಾತಾಡುವ ಕಿವುಡರನ್ನೂ ಪ್ರೊವೈನ್ ಗಮನಿಸಿದರು. ಅವರ ಬಾಯಿ ಖಾಲಿಯೇ ಇರುತ್ತದೆ, ಯಾವಾಗ ಬೇಕಾದರೂ ನಗಬಹುದು. ಅವರೂ ಹೆಚ್ಚಾಗಿ ಮಾತು ನಿಲ್ಲುವ ಕಡೆಯೇ ನಗುತ್ತಿದ್ದರು. ಅಂದರೆ ಮಾತು ಮೊದಲು, ನಗು ಆಮೇಲೆ ಅಂತ ಮಿದುಳೇ ಸರದಿ ಹಚ್ಚಿಬಿಟ್ಟಿದೆ.

ಈಗ ಮೈಯೊಳಗೆ ಏನು ನಡೆಯುತ್ತದೆ ಅಂತ ನೋಡೋಣ. ನಗು ಅಂದರೆ ಹೊರಗೆ ಹೋಗುವ ಉಸಿರನ್ನು ತುಂಡು ತುಂಡು ಮಾಡುವುದು. ಒಂದು ‘ಹ’ ಸೆಕೆಂಡಿನ 15ನೇ ಒಂದು ಭಾಗದಷ್ಟು ಹೊತ್ತು. ಒಂದು ‘ಹ’ ಶುರುವಾದ ಮೇಲೆ ಮುಂದಿನದಕ್ಕೆ ಸುಮಾರು ಐದನೇ ಒಂದು ಸೆಕೆಂಡು. ಹೊಟ್ಟೆ ಹಿಡಿದು ನಕ್ಕಾಗ ಮೈಯ ಬೇರೆ ಸ್ನಾಯುಗಳು ಸಡಿಲ ಆಗುತ್ತವೆ. ‘ನಕ್ಕು ನಕ್ಕು ಕೈಕಾಲು ಬಿದ್ದುಹೋದವು’ ಅಂತ ನಾವು ಅನ್ನುವುದು ಉತ್ಪ್ರೇಕ್ಷೆ ಅಲ್ಲ. ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಅನ್ನುವ ಕಾಯಿಲೆ ಇದೆ. ಅದು ಇರುವ ಕೆಲವರು ಜೋರಾಗಿ ನಕ್ಕರೆ ಮಂಡಿ ಕುಸಿದು ಕೂತುಬಿಡುತ್ತಾರೆ. ಎಚ್ಚರ ಇರುತ್ತದೆ, ಕಾಲು ಮಾತ್ರ ಕೇಳುವುದಿಲ್ಲ.

ಇದಕ್ಕಿಂತ ಸೋಜಿಗದ್ದು ಇನ್ನೊಂದಿದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸ್ಟ್ರೋಕ್ ಆದ ಅಜ್ಜನೊಬ್ಬನನ್ನು ನೆನಸಿಕೊಳ್ಳಿ. ನಾವು ಲಕ್ವಾ ಹೊಡೀತು ಅಂತೇವಲ್ಲ, ಅದು. ಡಾಕ್ಟರು ಬಂದು ‘ಅಜ್ಜಾರ, ಹಲ್ಲು ತೋರಸ್ರಿ’ ಅನ್ನುತ್ತಾರೆ. ಅಜ್ಜ ಪ್ರಯತ್ನ ಮಾಡುತ್ತಾನೆ, ಬಾಯಿ ಒಂದೇ ಕಡೆ ಎಳೆಯುತ್ತದೆ. ಇನ್ನೊಂದು ಕಡೆ ಕೆನ್ನೆ ಏಳುವುದೇ ಇಲ್ಲ. ಅಷ್ಟರಲ್ಲಿ ಮೊಮ್ಮಗ ಓಡಿ ಬಂದು ಮಂಚ ಹತ್ತುತ್ತಾನೆ. ಅಜ್ಜ ನಗುತ್ತಾನೆ, ಮುಖ ಎರಡೂ ಕಡೆ ಸಮನಾಗಿ ಅರಳುತ್ತದೆ. ಇಂಥ ರೋಗಿಗಳು ನಿಜಕ್ಕೂ ಇದ್ದಾರೆ, ನರರೋಗ ತಜ್ಞರಿಗೆ ಇದು ಹೊಸದಲ್ಲ. ಯಾಕೆ ಹೀಗೆ ಅಂದರೆ, ಬೇಕಂತ ನಗುವುದಕ್ಕೆ ಮಿದುಳಿನಲ್ಲಿ ಒಂದು ದಾರಿ, ತಾನಾಗಿ ಬರುವ ನಗುವಿಗೆ ಇನ್ನೊಂದು ದಾರಿ. ಸ್ಟ್ರೋಕ್ ಮೊದಲನೆಯದನ್ನು ಮಾತ್ರ ಕಡಿದಿರುತ್ತದೆ. ಇದರ ಉಲ್ಟಾ ಆಗುವುದೂ ಉಂಟು: ಹೇಳಿದರೆ ನಗಬಲ್ಲರು, ತಾವಾಗಿ ನಗಲಾರರು.

ಫ್ರಾನ್ಸಿನ ಡುಶೆನ್ ಎಂಬ ಡಾಕ್ಟರು 1862ರಲ್ಲೇ ಇದರ ಒಂದು ಎಳೆ ಹಿಡಿದಿದ್ದರು. ಮುಖದ ಸ್ನಾಯುಗಳಿಗೆ ಸಣ್ಣಗೆ ಕರೆಂಟು ಕೊಟ್ಟು ಒಂದೊಂದನ್ನೇ ಎಬ್ಬಿಸಿ ನೋಡಿದರು. ತುಟಿ ಎಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ. ಕಣ್ಣಿನ ಸುತ್ತ ಇರುವ ಸ್ನಾಯು ಅಷ್ಟು ಸುಲಭಕ್ಕೆ ಕೇಳುವುದಿಲ್ಲ, ಅದಕ್ಕೆ ಒಳಗಿನಿಂದಲೇ ಸಂತೋಷ ಬರಬೇಕು. ಮದುವೆ ಫೋಟೋಗಳಲ್ಲಿ ಬೀಗರ ಸಾಲಿನ ಕಣ್ಣುಗಳನ್ನು ಒಮ್ಮೆ ನೋಡಿ, ಗೊತ್ತಾಗುತ್ತದೆ.

ಇದೇ ಮಾತಿಗೆ ಸೇರಿದ್ದು, ಮನೆಯಲ್ಲಿ ವಯಸ್ಸಾದವರು ಇರುವವರು ಕೇಳಿಸಿಕೊಳ್ಳಿ. ಸ್ಟ್ರೋಕ್ ಆದ ಮೇಲೆ ಕೆಲವರು ಕಾರಣ ಇಲ್ಲದೆ ನಗುತ್ತಾರೆ, ಅಥವಾ ಅಳುತ್ತಾರೆ. ಯಾರೋ ತೀರಿಕೊಂಡ ಸುದ್ದಿ ಹೇಳಿದರೆ ಗೊಳ್ಳಂತ ನಗುತ್ತಾರೆ. ಮನೆಯವರಿಗೆ ಸಿಟ್ಟು, ನಾಚಿಕೆ. ‘ತಲಿ ಕೆಟ್ಟೈತಿ’ ಅಂತಾರೆ. ಒಳಗೆ ಅವರಿಗೆ ದುಃಖವೇ ಆಗಿರುತ್ತದೆ, ನಗುವಿನ ಬ್ರೇಕು ಹೋಗಿರುತ್ತದೆ ಅಷ್ಟೇ. ಇದಕ್ಕೆ ಔಷಧಿ ಇದೆ, ಡಾಕ್ಟರಿಗೆ ಹೇಳಬೇಕು.

ಮಗು ಮೂರು ನಾಲ್ಕು ತಿಂಗಳಿಗೇ ನಗಲು ಶುರು ಮಾಡುತ್ತದೆ, ಮೊದಲ ಮಾತಿಗಿಂತ ಎಷ್ಟೋ ಮುಂಚೆ. ಹುಟ್ಟಿನಿಂದಲೇ ಕಣ್ಣು, ಕಿವಿ ಎರಡೂ ಇಲ್ಲದ ಮಕ್ಕಳೂ ನಗುತ್ತವೆ. ಅಂದಮೇಲೆ ಇದು ನೋಡಿ ಕಲಿತದ್ದಲ್ಲ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮರಿಗಳಿಗೆ ಕಚಗುಳಿ ಇಟ್ಟರೆ ಅವೂ ಏದುಸಿರು ಬಿಟ್ಟ ಹಾಗೆ ನಗುತ್ತವೆ. 2009ರಲ್ಲಿ ಮರೀನಾ ಡೇವಿಲಾ ರಾಸ್ ಮತ್ತು ಜತೆಗಾರರು ಈ ಸದ್ದುಗಳನ್ನು ಮನುಷ್ಯ ಶಿಶುಗಳ ನಗುವಿನ ಜತೆ ಹೋಲಿಸಿ, ನಮ್ಮ ನಗುವಿನ ಬೇರು ಒಂದು ಕೋಟಿ ವರ್ಷಕ್ಕೂ ಹಿಂದಿನದು ಅಂದರು. ಇನ್ನು ಕಚಗುಳಿ. ನಿಮಗೆ ನೀವೇ ಇಟ್ಟುಕೊಂಡು ನೋಡಿ, ನಗು ಬರಲ್ಲ. ನಿಮ್ಮ ಕೈ ಎಲ್ಲಿ ಬರುತ್ತದೆ ಅಂತ ನಿಮ್ಮ ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೂ ಇನ್ನೊಬ್ಬರು ಬೇಕು. ಅದೂ ಎಂಥ ಇನ್ನೊಬ್ಬರು? ಬಸ್ಸಿನಲ್ಲಿ ಗುರುತಿಲ್ಲದವನು ಕಚಗುಳಿ ಇಟ್ಟರೆ ಯಾರೂ ನಗಲ್ಲ, ಕೆನ್ನೆಗೆ ಬೀಳುತ್ತದೆ.

ಸರಿ, ಯಾರ ಜತೆ ನಗಬಹುದು, ಯಾರ ಜತೆ ನಗಬಾರದು? ಇಲ್ಲಿಂದ ಮುಂದೆ ಮಿದುಳು ಬಿಟ್ಟು ಮನೆಯೊಳಗೆ ಬರಬೇಕು.

ನಮ್ಮ ಹುಬ್ಬಳ್ಳಿ ಧಾರವಾಡ ಕಡೆ ಮಸ್ಕಿರಿಗೆ, ಅಂದರೆ ಚೇಷ್ಟೆ ಮಾತಿಗೆ, ಪಕ್ಕಾ ಕಾನೂನು ಇದೆ. ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಅತ್ತೆ ಮಾವನ ಮಕ್ಕಳ ಜತೆ ಮಸ್ಕಿರಿ ನಡೆಯುತ್ತದೆ. ಅಣ್ಣನ ಹೆಂಡತಿ ಜತೆ, ಅಕ್ಕನ ಗಂಡನ ಜತೆ ನಡೆಯುತ್ತದೆ. ಅಜ್ಜ ಮೊಮ್ಮಗಳಿಗೆ ‘ನೀ ನನ್ನ ಹೆಂಡ್ತಿ’ ಅನ್ನಬಹುದು. ಸೊಸೆ ಮಾವನ ಜತೆ ಮಾತ್ರ ಮಸ್ಕಿರಿ ಮಾಡುವಂತಿಲ್ಲ, ಎದುರು ನಿಂತು ನಕ್ಕರೂ ತಪ್ಪು. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಇಂಥ ಸಂಬಂಧಗಳ ಮೇಲೆ ಒಂದು ಲೇಖನ ಬರೆದರು. ಜಗತ್ತಿನ ಬೇರೆ ಬೇರೆ ಕಡೆ ಇಂಥದ್ದೇ ಪದ್ಧತಿ ಇದೆ. ಅವರ ಮಾತಿನ ತಿರುಳು ಹೀಗೆ: ಮದುವೆಯಿಂದ ಎರಡು ಮನೆತನ ಕೂಡುತ್ತವೆ, ಆದರೆ ಅವರ ಹಿತಾಸಕ್ತಿ ಒಂದೇ ಅಲ್ಲ. ಜಗಳ ಆಗುವ ಜಾಗ ಅದು. ಅಲ್ಲಿ ಎರಡೇ ದಾರಿ. ಒಂದು, ಅತಿ ಗೌರವ ಕೊಟ್ಟು ದೂರ ಇರುವುದು. ಇನ್ನೊಂದು, ಅವಮಾನ ಮಾಡಿದರೂ ಸಿಟ್ಟಾಗಬಾರದು ಅಂತ ಒಪ್ಪಂದ ಮಾಡಿಕೊಂಡು ಚೇಷ್ಟೆ ಮಾಡುವುದು.

ನಮ್ಮ ಕಡೆ ಮದುವೆಯಲ್ಲಿ ಬೀಗರ ಮೇಲೆ ಹಾಡು ಕಟ್ಟುತ್ತಿದ್ದರಲ್ಲ, ಅದು ಇದೇ. ಬೀಗಿತಿ ಹೆಂಗ ಬಂದಳು, ಎಷ್ಟು ಹೋಳಿಗೆ ತಿಂದಳು, ಯಾವ ಸೀರೆಯನ್ನು ಯಾರಿಂದ ತಂದು ಉಟ್ಟಳು ಅಂತ ಹೆಣ್ಣುಮಕ್ಕಳು ಎದುರಿಗೇ ಹಾಡುತ್ತಿದ್ದರು. ಬೇರೆ ದಿನ ಅದೇ ಮಾತು ಅಂದರೆ ಪೊಲೀಸ್ ಕೇಸು. ಆವತ್ತು ಬೀಗಿತಿ ನಗಬೇಕು. ನಕ್ಕು ಸುಮ್ಮನಿರುತ್ತಿರಲಿಲ್ಲ, ಆ ಕಡೆಯಿಂದಲೂ ಹಾಡು ಬರುತ್ತಿತ್ತು. ಈಗ ಡಿಜೆ ಬಂದು ಹಾಡು ಕಡಿಮೆ ಆಗಿದೆ.

ಒಡಪು ಇನ್ನೂ ಉಳಿದಿದೆ. ಹೊಸ ಸೊಸೆ ಬಾಗಿಲಿಗೆ ಬರುತ್ತಾಳೆ. ನಾದಿನಿಯರು ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಅನ್ನುತ್ತಾರೆ. ಹಿಂದೆಲ್ಲ ಗಂಡನ ಹೆಸರು ಬಾಯಲ್ಲಿ ಎತ್ತಬಾರದು ಅಂತ ಕಲಿಸಿ ಬೆಳೆಸಿದ ಹುಡುಗಿ ಅವಳು. ಆ ಹೆಸರನ್ನೇ ಪ್ರಾಸ ಕೂಡಿಸಿ, ಊರವರ ಎದುರು, ಕೇಳುವ ಹಾಗೆ ಹೇಳಬೇಕು. ಧ್ವನಿ ಸಣ್ಣದಾದರೆ ‘ಕೇಳ್ಲಿಲ್ಲ, ಇನ್ನೊಮ್ಮೆ’ ಅಂತಾರೆ. ಬೆವರು ಇಳಿಯುತ್ತಿರುತ್ತದೆ. ಹೇಳುತ್ತಾಳೆ, ಎಲ್ಲರೂ ಹೋ ಅಂತ ನಗುತ್ತಾರೆ, ಅವಳೂ ನಗುತ್ತಾಳೆ. ಅಲ್ಲಿಯವರೆಗೆ ಅವಳು ಬೇರೆ ಮನೆಯವಳು. ಗಟ್ಟಿಗಿತ್ತಿಯರು ಇದ್ದಾರೆ, ಅದೇ ಒಡಪಿನಲ್ಲಿ ನಾದಿನಿಗೂ ಒಂದು ಚುಚ್ಚಿ ಒಳಗೆ ಬರುತ್ತಾರೆ. ಅಂಥವಳಿಗೆ ಆ ಮನೆಯಲ್ಲಿ ಮೊದಲ ದಿನವೇ ಬೆಲೆ ಬರುತ್ತದೆ. ಈ ‘ತಿರುಗಿ ಅನ್ನುವ ಹಕ್ಕು’ ಇದೆಯಲ್ಲ, ಅದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಈಗ ಹಾವೇರಿ ಜಿಲ್ಲೆಗೆ ಹೋಗೋಣ. ರಾಣೇಬೆನ್ನೂರಿನ ಹೋಳಿ ನೋಡಿದವರು ಇಲ್ಲಿ ಇದ್ದೀರಾ? ಬೇರೆ ಊರುಗಳಲ್ಲಿ ಕಾಮಣ್ಣನ ಗೊಂಬೆ ಕೂರಿಸುತ್ತಾರೆ. ಅಲ್ಲಿ ಜೀವಂತ ಮನುಷ್ಯರು ಕಾಮ ಮತ್ತು ರತಿಯ ವೇಷ ಹಾಕಿ ಕೂರುತ್ತಾರೆ. ಅವರನ್ನು ನಗಿಸಿದವರಿಗೆ ಬಹುಮಾನ. ಜನ ಸಾಲುಗಟ್ಟಿ ಬರುತ್ತಾರೆ. ಒಬ್ಬ ಮಿಮಿಕ್ರಿ ಮಾಡುತ್ತಾನೆ, ಒಬ್ಬ ಮಂಗನ ಹಾಗೆ ಕುಣಿಯುತ್ತಾನೆ, ಒಬ್ಬ ಕಿವಿಯ ಹತ್ತಿರ ಬಂದು ಹೇಳಬಾರದ್ದನ್ನೆಲ್ಲ ಹೇಳುತ್ತಾನೆ. ಕಾಮ, ರತಿ ಅಲ್ಲಾಡುವುದಿಲ್ಲ.

ನಾನು ಆ ಗುಂಪಿನಲ್ಲಿ ನಿಂತು ನೋಡಿದ್ದೇನೆ. ಎಲ್ಲರ ಕಣ್ಣು ವೇದಿಕೆಯ ಮೇಲೆ ಇತ್ತು, ನಾನು ಜನರ ಕಡೆ ತಿರುಗಿ ನಿಂತೆ. ಯಾರಾದರೂ ಮೇಲೆ ಹತ್ತಿದರೆ ಮೊದಲು ನಗುವವರು ಅವನ ಗೆಳೆಯರು, ಅವನು ಇನ್ನೂ ಬಾಯಿ ತೆರೆದಿರುವುದಿಲ್ಲ. ಆಮೇಲೆ ಅವರ ಪಕ್ಕದವರು. ಆಮೇಲೆ ಮಹಡಿ ಮೇಲಿನ ಹೆಣ್ಣುಮಕ್ಕಳು. ಒಬ್ಬ ಮುದುಕ ಒಂದೂ ಜೋಕಿಗೆ ನಗಲಿಲ್ಲ, ಮಗಳ ಮಗು ಚಪ್ಪಾಳೆ ತಟ್ಟಿದ್ದಕ್ಕೆ ಕಣ್ಣೀರು ಬರುವಷ್ಟು ನಕ್ಕ. ಇಡೀ ಬೀದಿಯಲ್ಲಿ ನಗದೆ ಇದ್ದವರು ಇಬ್ಬರೇ, ಮತ್ತೆ ಜೋಕೆಲ್ಲ ಹೇಳುತ್ತಿದ್ದದ್ದು ಆ ಇಬ್ಬರಿಗೇ!

ಅವರಿಗೆ ಅಷ್ಟು ಗಟ್ಟಿ ಮನಸ್ಸು ಹೇಗೆ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅಭ್ಯಾಸ ಇರುತ್ತದೆ, ಭಕ್ತಿಯೂ ಇರುತ್ತದೆ. ನನಗೆ ಇನ್ನೊಂದು ಕಾಣಿಸಿತು. ಅವರು ಯಾರ ಕಣ್ಣಿಗೂ ಕಣ್ಣು ಕೊಡುವುದಿಲ್ಲ. ಕಣ್ಣು ಕೊಟ್ಟರೆ ನಗು ಶುರು ಅಂತ ಅವರಿಗೆ ಗೊತ್ತು. ಶಿವನ ಹಣೆಗಣ್ಣಿಗೆ ಸುಟ್ಟುಹೋಗುವ ಕಾಮ ಅವನು, ಆವತ್ತಿನ ಮಟ್ಟಿಗೆ ನಮ್ಮ ಪೈಕಿ ಅಲ್ಲ. ನಮ್ಮ ಪೈಕಿ ಅಲ್ಲದವನು ನಮ್ಮ ಜತೆ ಯಾಕೆ ನಗಬೇಕು?

ನಗು ಹೀಗೆ ಒಬ್ಬರಿಂದ ಒಬ್ಬರಿಗೆ ಹರಡುವುದು ಯಾವಾಗಲೂ ಖುಷಿಯ ಸಂಗತಿ ಅಲ್ಲ. 1962ರ ಜನವರಿ 30ರಂದು ಆಗಿನ ಟಾಂಗಾನಿಕಾದ, ಅಂದರೆ ಈಗಿನ ತಾಂಜಾನಿಯಾದ ಕಶಾಶಾ ಹಳ್ಳಿಯ ಹುಡುಗಿಯರ ವಸತಿ ಶಾಲೆಯಲ್ಲಿ ಮೂವರು ನಗಲು ಶುರು ಮಾಡಿದರು. ನಿಲ್ಲಲಿಲ್ಲ. 159 ವಿದ್ಯಾರ್ಥಿನಿಯರಲ್ಲಿ 95 ಮಂದಿಗೆ ಹತ್ತಿತು. ನಗು, ನಡುವೆ ಅಳು, ಮತ್ತೆ ನಗು. ಮಾರ್ಚ್ 18ಕ್ಕೆ ಶಾಲೆ ಮುಚ್ಚಬೇಕಾಯಿತು. ಮನೆಗೆ ಹೋದ ಹುಡುಗಿಯರಿಂದ ಬೇರೆ ಊರಿಗೂ ಹೋಯಿತು. ಯಾವ ರೋಗಾಣುವೂ ಸಿಗಲಿಲ್ಲ. ಕಟ್ಟುನಿಟ್ಟಿನ ಶಾಲೆ, ಮನೆಯಿಂದ ದೂರ ಇರುವ ಮಕ್ಕಳು, ಬಾಯಿಬಿಟ್ಟು ಹೇಳಲಾಗದ ಒತ್ತಡ. ಅದು ಮೈಯಿಂದ ಹೊರಬಂದ ರೀತಿ ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ಪೇಪರುಗಳು ಇದನ್ನು ತಮಾಷೆ ಸುದ್ದಿ ಮಾಡುತ್ತವೆ. ಆ ಮಕ್ಕಳಿಗೆ ತಮಾಷೆ ಆಗಿರಲಿಲ್ಲ.

ಇನ್ನು ಅಂತಸ್ತಿನ ಪ್ರಶ್ನೆ. ಭರತನ ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ಆರು ಬಗೆ ಹೇಳಿದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲ ಎರಡು ಉತ್ತಮರಿಗೆ, ನಡುವಿನ ಎರಡು ಮಧ್ಯಮರಿಗೆ, ಕೊನೆಯ ಎರಡು ಅಧಮರಿಗೆ. ಸ್ಮಿತದಲ್ಲಿ ಹಲ್ಲು ಕಾಣಬಾರದು. ಅತಿಹಸಿತದಲ್ಲಿ ಕಣ್ಣೀರು, ಕಿರುಚಾಟ, ಪಕ್ಕೆ ಹಿಡಿದುಕೊಳ್ಳುವುದು ಎಲ್ಲ ಇದೆ. ಎಷ್ಟು ಹಲ್ಲು ಕಾಣುತ್ತದೆ ಅನ್ನುವುದರ ಮೇಲೆ ಮನುಷ್ಯನ ದರ್ಜೆ! ರಂಗದ ಮೇಲೆ ನಟರಿಗೆ ಕೊಟ್ಟ ಸೂಚನೆ ಇದು, ಒಪ್ಪಿದೆ. ಆದರೆ ಬೀದಿಯಲ್ಲಿ ಕಂಡದ್ದೇ ರಂಗಕ್ಕೆ ಬಂದಿರಬೇಕು ಅಲ್ವಾ? ‘ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬ್ಯಾಡ’ ಅಂತ ನಮ್ಮಲ್ಲೇ ಗಾದೆ ಇದೆ. ಹಲ್ಲು ಕಾಣುವ ಹಾಗೆ ನಕ್ಕಿದ್ದಕ್ಕೆ ತವರಲ್ಲಿ ಬೈಸಿಕೊಳ್ಳದ ಹೆಣ್ಣುಮಕ್ಕಳು ಈ ಹಾಲಿನಲ್ಲಿ ಎಷ್ಟು ಜನ ಇದ್ದೀರೋ.

ಆಫೀಸಿಗೆ ಬನ್ನಿ. ಸಾಹೇಬರು ಜೋಕ್ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಅದೇ ಜೋಕು ಪ್ಯೂನ್ ಹೇಳಿದ್ದರೆ ‘ಕೆಲಸ ನೋಡಪಾ’ ಅನ್ನುತ್ತಾರೆ. ರೋಸ್ ಕೋಸರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಒಂದು ಮಾನಸಿಕ ಆಸ್ಪತ್ರೆಯ ಸಿಬ್ಬಂದಿ ಸಭೆಗಳಲ್ಲಿ ಕೂತು ಯಾರು ಯಾರ ಮೇಲೆ ಜೋಕ್ ಮಾಡುತ್ತಾರೆ ಅಂತ ಬರೆದುಕೊಂಡರು. 1960ರಲ್ಲಿ ಅದು ಪ್ರಕಟ ಆಯಿತು. ಹಿರಿಯ ಡಾಕ್ಟರುಗಳು ಕಿರಿಯರ ಮೇಲೆ ಜೋಕ್ ಮಾಡುತ್ತಿದ್ದರು. ಕಿರಿಯರು ರೋಗಿಗಳ ಮೇಲೆ, ಇಲ್ಲವೇ ತಮ್ಮ ಮೇಲೆ ತಾವೇ ಮಾಡಿಕೊಳ್ಳುತ್ತಿದ್ದರು. ಎದುರಿಗಿರುವ ಹಿರಿಯರ ಮೇಲೆ ಯಾರೂ ಮಾಡುತ್ತಿರಲಿಲ್ಲ. ಜೋಕು ಹೇಳಿದವರು ಬಹುಪಾಲು ಗಂಡಸರು. ಜೋಕು ನೀರಿನ ಹಾಗೆ, ಇಳಿಜಾರಿನ ಕಡೆಗೇ ಹರಿಯುತ್ತದೆ.

ಎಲ್ಲರಿಗಿಂತ ಕೆಳಗೆ ಇರುವವರು ಯಾರು? ಆ ಸಭೆಯಲ್ಲೇ ಇಲ್ಲದ ರೋಗಿಗಳು. ಇದನ್ನು ಓದಿದಾಗ ನನಗೆ ನಮ್ಮೂರಿನ ಮಾತೇ ನೆನಪಾಯಿತು. ಸುತ್ತಲ ಜಿಲ್ಲೆಗಳಲ್ಲಿ ಯಾರಾದರೂ ತಿಕ್ಕಲು ತಿಕ್ಕಲಾಗಿ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತಾರೆ. ಬ್ರಿಟಿಷರ ಕಾಲದಿಂದ ಇಲ್ಲಿ ಮಾನಸಿಕ ಆಸ್ಪತ್ರೆ ಇದೆ, ಈಗಿನ ಡಿಮ್ಹಾನ್ಸ್. ನಾವು ಧಾರವಾಡದವರು ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತೇವೆ, ‘ನಾವು ಮೊದಲ ಬಂದೀವಿ’ ಅಂತ ಉತ್ತರಾನೂ ಕೊಡುತ್ತೇವೆ. ಅದು ನಮಗೆ ಸುಲಭ. ಆ ಗೇಟಿನ ಒಳಗೆ ಮಗಳನ್ನು ಕರೆದುಕೊಂಡು ಬರಬೇಕಾದ ತಾಯಿಗೆ ಆ ಉತ್ತರ ಕೊಡಲಾಗುವುದಿಲ್ಲ. ಎಷ್ಟೋ ಜನ ಬರುವುದನ್ನೇ ಮುಂದೂಡುತ್ತಾರೆ, ಊರವರು ನಕ್ಕಾರು ಅಂತ.

ನಗೆಪಾಟಲಾದವರಿಗೆ ನಗು ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಅನ್ನುವುದಕ್ಕೆ ಮಹಾಭಾರತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ನಂಬುವ ನಾಡಿನವರು ನಾವು. ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಮಯನ ಸಭೆಯಲ್ಲಿ ದುರ್ಯೋಧನ ನೀರನ್ನು ನೆಲ ಅಂದುಕೊಂಡು ಬಿದ್ದ, ದ್ರೌಪದಿ ನಕ್ಕಳು, ಅದರಿಂದಲೇ ಯುದ್ಧ. ಹೀಗೇ ಅಲ್ವಾ ನಾವು ಕೇಳಿದ್ದು? ಸಂಸ್ಕೃತದ ವ್ಯಾಸಭಾರತದ ಸಭಾಪರ್ವ ತೆಗೆದು ನೋಡಿ, ಒಂದು ವಿಚಿತ್ರ ಇದೆ. ಅವನು ಬಿದ್ದ ಪ್ರಸಂಗವನ್ನು ಕಥೆ ಹೇಳುವವನು ಹೇಳುವಾಗ ನಗುವವರು ಸೇವಕರು, ಭೀಮ, ಅರ್ಜುನ, ನಕುಲ ಸಹದೇವರು. ದ್ರೌಪದಿಯ ಹೆಸರು ಅಲ್ಲಿಲ್ಲ. ಆಮೇಲೆ ದುರ್ಯೋಧನ ಹಸ್ತಿನಾವತಿಗೆ ಬಂದು ಅಪ್ಪನ ಎದುರು ಅದನ್ನೇ ತಾನು ಹೇಳುತ್ತಾನೆ. ಆಗ ಕೃಷ್ಣನೂ ಗಟ್ಟಿಯಾಗಿ ನಕ್ಕ, ದ್ರೌಪದಿಯೂ ಹೆಂಗಸರ ಜತೆ ಸೇರಿ ನಕ್ಕಳು, ನನ್ನ ಮನಸ್ಸಿಗೆ ನೋವಾಯಿತು ಅನ್ನುತ್ತಾನೆ.

ಅವನು ಸುಳ್ಳು ಹೇಳಿದ ಅಂತ ನನಗೆ ಅನ್ನಿಸುವುದಿಲ್ಲ. ಒದ್ದೆ ಬಟ್ಟೆಯಲ್ಲಿ ನಿಂತವನಿಗೆ ಇಡೀ ಸಭೆ ನಕ್ಕ ಹಾಗೆಯೇ ಕೇಳಿಸಿರುತ್ತದೆ. ಮೇಲಾಗಿ ಅದು ಬೇರೆಯವರ ಮನೆ, ಅವನು ಅತಿಥಿ. ತಿರುಗಿ ಒಂದು ಮಾತು ಅನ್ನುವ ಹಕ್ಕು ಅವನಿಗೆ ಇರಲಿಲ್ಲ. ಒಡಪಿನ ಸೊಸೆಗೆ ಆ ಹಕ್ಕು ಇತ್ತು, ಹಾಡಿಸಿಕೊಂಡ ಬೀಗಿತಿಗೂ ಇತ್ತು. ಕ್ಲಾಸಿನಲ್ಲಿ ಉಗ್ಗುವ ಹುಡುಗನಿಗೆ ಇರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರದೋ ಫೋಟೋ ಹಾಕಿ ಅದರ ಕೆಳಗೆ ನಗುವ ಮುಖ ಸಾಲಾಗಿ ಒತ್ತುತ್ತಾರಲ್ಲ, ಆ ಫೋಟೋದವನು ಗುಂಪಿನಲ್ಲೇ ಇರುವುದಿಲ್ಲ. ಮಸ್ಕಿರಿ ಎಲ್ಲಿಗೆ ಮುಗಿದು ಅವಮಾನ ಎಲ್ಲಿ ಶುರು ಅಂತ ಮಕ್ಕಳು ಕೇಳುತ್ತಾರೆ. ನಾನು ಇದೊಂದೇ ಅಳತೆ ಹೇಳುತ್ತೇನೆ: ಅವನು ನಿನಗೆ ತಿರುಗಿ ಅನ್ನಬಲ್ಲನಾ, ಅಂದರೆ ನೀನು ನಗಬಲ್ಲೆಯಾ?

ಇನ್ನು ನಗುವಿನ ಭಾಷಣ ಆದ ಮೇಲೆ ಯಾರಾದರೂ ಕೇಳಿಯೇ ಕೇಳುವ ಪ್ರಶ್ನೆ. ನಕ್ಕರೆ ಆರೋಗ್ಯಕ್ಕೆ ಒಳ್ಳೆಯದಾ? ಮುಂಬೈಯ ಡಾಕ್ಟರ್ ಮದನ್ ಕಟಾರಿಯಾ 1995ರಲ್ಲಿ ಪಾರ್ಕಿನಲ್ಲಿ ನಾಲ್ಕೈದು ಜನರನ್ನು ಕೂಡಿಸಿ ಲಾಫ್ಟರ್ ಕ್ಲಬ್ ಶುರು ಮಾಡಿದರು. ಮೊದಲು ಜೋಕ್ ಹೇಳುತ್ತಿದ್ದರು. ಸ್ವಲ್ಪ ದಿನಕ್ಕೇ ಒಳ್ಳೆಯ ಜೋಕು ಖಾಲಿ ಆದವು. ಆಮೇಲೆ ಜೋಕನ್ನೇ ಬಿಟ್ಟು ಸುಮ್ನೆ ನಗಲು ಶುರು ಮಾಡಿದರು. ಬೇಕಂತ ಶುರು ಮಾಡಿದ ನಗು, ಪಕ್ಕದವರ ಮುಖ ನೋಡಿ ನಿಜವಾಗುತ್ತಿತ್ತು. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ಬೆಳಿಗ್ಗೆ ಆರಕ್ಕೆ ಮಾಡಿ ತೋರಿಸಿದರು.

ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಜತೆಗಾರರು 2011ರ ಸುಮಾರಿಗೆ ಒಂದು ಪ್ರಯೋಗ ಪ್ರಕಟಿಸಿದರು. ಕಾಮಿಡಿ ನೋಡಿ ನಕ್ಕವರ ತೋಳಿಗೆ ತೀರ ತಣ್ಣನೆಯ ಪಟ್ಟಿ ಕಟ್ಟಿ, ಇಲ್ಲವೇ ಬಿಪಿ ಪಟ್ಟಿ ಬಿಗಿದು, ಎಷ್ಟು ನೋವು ತಡೆಯುತ್ತಾರೆ ಅಂತ ನೋಡಿದರು. ನಕ್ಕವರು ಜಾಸ್ತಿ ತಡೆದುಕೊಂಡರು. ನೋವು ಮರೆಸುವ ರಾಸಾಯನಿಕ ಮೈಯಲ್ಲೇ ತಯಾರಾಗುತ್ತದೆ ಅನ್ನುವುದು ಅವರ ವಾದ. ಗೆಳೆಯರ ಜತೆ ಕೂತು ನಕ್ಕಾಗ ಮಿದುಳಿನಲ್ಲಿ ಅದು ಬಿಡುಗಡೆ ಆಗುವುದನ್ನು 2017ರಲ್ಲಿ ಫಿನ್‌ಲೆಂಡಿನ ತಂಡ ಸ್ಕ್ಯಾನ್ ಮಾಡಿ ತೋರಿಸಿತು. ಇಷ್ಟು ಗಟ್ಟಿ. ನಕ್ಕರೆ ಶುಗರ್ ಹೋಗುತ್ತದೆ, ಕ್ಯಾನ್ಸರ್ ಹೋಗುತ್ತದೆ ಅಂತ ಫಾರ್ವರ್ಡ್ ಬರುತ್ತವಲ್ಲ, ಅವನ್ನು ನಂಬಿ ಗುಳಿಗೆ ಬಿಡಬೇಡಿ.

ಪ್ರಶ್ನೆಗಳಿದ್ದರೆ ಕೇಳಿ, ಇನ್ನೂ ಸ್ವಲ್ಪ ಹೊತ್ತು ಇದೆ. ಮೈಕ್ ಆ ಕಡೆ ಕೊಡ್ರಿ, ಹಿಂದೆ ಯಾರೋ ಕೈ ಎತ್ತಿದ್ದಾರೆ.